ಬಿಟ್ಟು ಹೋದವರ ಪಟ್ಟಿ

ಕೆನಡಾದ ಆಲ್ಬರ್ಟಾದಲ್ಲಿ ಕ್ರೀ ಎಂಬ ಮೂಲನಿವಾಸಿ ಜನ ತಾವೇ ಕಟ್ಟಿ ತಾವೇ ನಡೆಸುತ್ತಿರುವ ಒಂದು ಚಿಕ್ಕ ಕಾಲೇಜಿದೆ. ಅಲ್ಲಿನ ವಿದ್ಯಾರ್ಥಿ ಸೇವೆಗಳ ವಿಭಾಗವನ್ನು ಕೆಲವು ವರ್ಷ ನಾನು ನಡೆಸಿದೆ. ಊರಲ್ಲಿ ಅಮ್ಮನಿಗೆ ಹೇಳುವಾಗ "ಹಾಸ್ಟೆಲ್ ವಾರ್ಡನ್ ಇದ್ದ ಹಾಗೆ" ಎಂದುಬಿಟ್ಟಿದ್ದೆ. ನಮಗೆ ಹಾಸ್ಟೆಲ್ಲೇ ಇರಲಿಲ್ಲ ಅನ್ನುವುದು ಬೇರೆ ಮಾತು. ದಾಖಲಾತಿ, ಧನಸಹಾಯ, ಕೌನ್ಸೆಲಿಂಗ್, ಡೇಕೇರ್, ಕಾಲೇಜಿನ ವ್ಯಾನು, ಹಿರಿಯರ ಕೋಣೆ, ಬುಧವಾರದ ಸೂಪು, ಹೀಗೆ ತರಗತಿಯ ಬಾಗಿಲಾಚೆ ಏನೇ ನಡೆದರೂ ಅದು ನಮ್ಮ ತಲೆಗೆ. ಅದಕ್ಕೂ ಮೊದಲು ಎಡ್ಮಂಟನ್ನಿನ ದೊಡ್ಡ ಕಾಲೇಜೊಂದರಲ್ಲಿ ಇದೇ ಹೆಸರಿನ ಕೆಲಸ ಮಾಡಿದ್ದೆ. ಹೆಸರು ಒಂದೇ, ಕೆಲಸ ಬೇರೆ ಎಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಮೊದಲು ನನ್ನ ಮೇಜಿಗೆ ಬಂದದ್ದು ಒಂದು ಎಕ್ಸೆಲ್ ಪಟ್ಟಿ. ಹಿಂದಿನ ವರ್ಷ ಓದು ಬಿಟ್ಟು ಹೋದವರ ಹೆಸರು, ಪಕ್ಕದಲ್ಲಿ "ಕಾರಣ" ಎಂಬ ಕಾಲಂ. ಅನುದಾನ ಕೊಡುವವರಿಗೆ ವರದಿ ಕಳಿಸಬೇಕಿತ್ತು. ಕಾಲಮ್ಮಿನ ತುಂಬ "ವೈಯಕ್ತಿಕ", "ಸಂಪರ್ಕಕ್ಕೆ ಸಿಗಲಿಲ್ಲ", "ಗೊತ್ತಿಲ್ಲ". ಹೊರಬಾಗಿಲಿನ ಮೇಜಿನಲ್ಲಿ ಕೂರುತ್ತಿದ್ದ ಹೆಂಗಸು ಅದೇ ರಿಸರ್ವಿನವರು, ಅಂದರೆ ಮೂಲನಿವಾಸಿಗಳಿಗೆಂದು ಕಾದಿಟ್ಟ ನೆಲದವರು, ಸುತ್ತಲಿನ ಊರುಗಳಲ್ಲಿ ಅವರಿಗೆ ಗೊತ್ತಿಲ್ಲದ ಮನೆಯಿಲ್ಲ. ಸಹಾಯಕ್ಕೆ ಕರೆದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಡುತ್ತ ಬಂದರು. ಇವಳ ತಮ್ಮ ತೀರಿಕೊಂಡ. ಇವನು ಎಣ್ಣೆ ರಿಗ್ಗಿನಲ್ಲಿದ್ದಾನೆ, ಹಿಮ ಕರಗಿ ರಸ್ತೆ ಕೆಸರಾಗುವ ಹೊತ್ತಿಗೆ ರಿಗ್ಗು ನಿಲ್ಲುತ್ತದೆ, ಆಗ ಬರುತ್ತಾನೆ. ಇವಳ ಮಕ್ಕಳ ಕೇಸು ಕೋರ್ಟಿನಲ್ಲಿದೆ, ತಾರೀಖಿನ ಮೇಲೆ ತಾರೀಖು. ಇವಳಾ? ಇವಳು ಈಗ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಳೆ, ಹೋಗಿ ಕೇಳಿ.

ಹೋಗಿ ಕೇಳಿದೆ. ಕೋರ್ಸು ಬಿಟ್ಟವಳು ಕಾಲೇಜನ್ನು ಬಿಟ್ಟಿರಲಿಲ್ಲ. ಅಕ್ಕನನ್ನು ಕರೆತಂದು ಬಿಡುವ ನೆಪದಲ್ಲಿ ವಾರಕ್ಕೆರಡು ಸಲ ಬರುತ್ತಿದ್ದಳು. ಮತ್ತೆ ಸೇರಬಹುದೇ ಎಂದು ಅವಳೂ ಕೇಳಿರಲಿಲ್ಲ, ಸೇರು ಎಂದು ನಾವೂ ಹೇಳಿರಲಿಲ್ಲ. ಅಲ್ಲಿದ್ದಷ್ಟು ಕಾಲ ನಾನು ಮಾಡಿದ ಕೆಲಸವೆಲ್ಲ ಹೆಚ್ಚುಕಡಿಮೆ ಈ ಒಂದು ಎಳೆಯದ್ದೇ. ಹೋಗುವವರು ಹೋಗುತ್ತಾರೆ, ಹೋಗಲು ಕಾರಣಗಳಿರುತ್ತವೆ. ವಾಪಸು ಬರುವ ದಾರಿಯಲ್ಲಿ ನಾವು ಎಷ್ಟು ಮುಳ್ಳು ಹಾಕಿದ್ದೇವೆ ಎನ್ನುವುದೇ ನೋಡಬೇಕಾದ ಲೆಕ್ಕ.

ಆ ಮುಳ್ಳುಗಳಲ್ಲಿ ಹಳೆಯವೂ ಇವೆ. ನಮ್ಮ ಕಾಲೇಜು ನಿಂತಿರುವ ನೆಲ 1876ರಲ್ಲಿ ಬ್ರಿಟಿಷ್ ರಾಣಿಯ ಪರವಾಗಿ ಬಂದವರ ಜೊತೆ ಕ್ರೀ ಮತ್ತಿತರ ಜನ ಮಾಡಿಕೊಂಡ ಆರನೇ ಒಪ್ಪಂದದ ನೆಲ. ಅದರಲ್ಲಿ ಶಾಲೆಯ ಮಾತಿದೆ. ಅದೇ 1876ರಲ್ಲಿ ಬಂದ ಇಂಡಿಯನ್ ಆಕ್ಟ್ ಎಂಬ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು: ಇವರಲ್ಲಿ ಯಾರಾದರೂ ವಿಶ್ವವಿದ್ಯಾಲಯದ ಪದವಿ ಪಡೆದರೆ, ವೈದ್ಯನೋ ವಕೀಲನೋ ಪಾದ್ರಿಯೋ ಆದರೆ, ಅಷ್ಟಕ್ಕೇ ಅವನ 'ಇಂಡಿಯನ್' ಎಂಬ ಕಾನೂನು ಸ್ಥಾನ ಹೋಗುತ್ತದೆ. ಓದಿದರೆ ನೀನು ನಿನ್ನ ಜನರವನಲ್ಲ. ಆ ಕಲಮು ಹೋಗಿ ಎಷ್ಟೋ ಕಾಲವಾಗಿದೆ, ಆದರೆ ಓದಲು ಹೋದ ಮಗಳು ನಮ್ಮವಳಾಗಿ ಉಳಿಯುವುದಿಲ್ಲ ಎಂಬ ಅಂಜಿಕೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದರ ಮೇಲೆ ವಸತಿ ಶಾಲೆಗಳು. ಸುಮಾರು 1,50,000 ಮಕ್ಕಳನ್ನು ಮನೆಯಿಂದ ಒಯ್ದು, ಭಾಷೆ ಬಿಡಿಸಿ ಬೆಳೆಸಿದ ಕಟ್ಟಡಗಳು. ಅವುಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರ ಅಮ್ಮ ಅಪ್ಪ ಅಲ್ಲಿ ಬೆಳೆದವರು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. 1970ರಲ್ಲಿ ಇದೇ ಆಲ್ಬರ್ಟಾದ ಸೇಂಟ್ ಪಾಲ್ ಪಟ್ಟಣದ ಹತ್ತಿರ ಬ್ಲೂ ಕ್ವಿಲ್ಸ್ ಎಂಬ ವಸತಿ ಶಾಲೆಯನ್ನು ಸರ್ಕಾರ ಮುಚ್ಚಲು ಹೊರಟಾಗ, ಸುತ್ತಲಿನ ಊರಿನ ತಂದೆತಾಯಿಗಳು, ಹಿರಿಯರು ಒಳಗೆ ಹೋಗಿ ಕೂತುಬಿಟ್ಟರು. ಎರಡು ವಾರಕ್ಕೂ ಮೀರಿ ಕೂತರು. ಮುಚ್ಚಬೇಡಿ, ನಮಗೆ ಕೊಡಿ, ನಾವು ನಡೆಸುತ್ತೇವೆ ಎಂಬುದು ಬೇಡಿಕೆ. ಸರ್ಕಾರ ಕೊಟ್ಟಿತು. ದೇಶದಲ್ಲಿ ಫಸ್ಟ್ ನೇಷನ್ಸ್, ಅಂದರೆ ಕ್ರೀಗಳಂಥ ಮೂಲನಿವಾಸಿ, ಜನರ ಕೈಗೆ ಬಂದ ಮೊದಲ ವಸತಿ ಶಾಲೆ ಅದು, ಇಂದು ಅವರದ್ದೇ ವಿಶ್ವವಿದ್ಯಾಲಯ. ನಮ್ಮದೂ ಸೇರಿ ಇಂಥ ಕಾಲೇಜುಗಳಿಗೆಲ್ಲ ಆ ಧರಣಿ ಒಂದು ಮೂಲಪುರಾಣದಂತೆ.

ಇನ್ನು ದುಡ್ಡು. ಕೆನಡಾದ ಮೂಲನಿವಾಸಿಗಳಿಗೆ ಕಾಲೇಜು ಪುಕ್ಕಟೆ ಎಂಬ ಗಟ್ಟಿ ನಂಬಿಕೆಯೊಂದಿದೆ. ಎಡ್ಮಂಟನ್ನಿನಲ್ಲಿ ನಮ್ಮವರ ಯುಗಾದಿ ಊಟದಲ್ಲೂ ಇದನ್ನು ಕೇಳಿದ್ದೇನೆ, ಹೋಳಿಗೆ ಕೈಯಲ್ಲಿ ಹಿಡಿದು ವಾದ ಮಾಡಿದ್ದೇನೆ. ನಿಜಸ್ಥಿತಿ ಹೀಗಿದೆ: ಕಾನೂನಿನ ಪ್ರಕಾರ ಸ್ಟೇಟಸ್, ಅಂದರೆ ಮೇಲೆ ಹೇಳಿದ 'ಇಂಡಿಯನ್' ಸ್ಥಾನ, ಇರುವ ಫಸ್ಟ್ ನೇಷನ್ಸ್ ವಿದ್ಯಾರ್ಥಿಗಳಿಗಾಗಿ ಒಕ್ಕೂಟ ಸರ್ಕಾರ ಪಿಎಸ್‌ಎಸ್‌ಎಸ್‌ಪಿ ಎಂಬ ಉನ್ನತ ಶಿಕ್ಷಣ ನೆರವಿನ ಯೋಜನೆಯಡಿ ಒಂದು ಮೊತ್ತವನ್ನು ಅವರವರ ಬ್ಯಾಂಡಿಗೆ, ಅಂದರೆ ಅವರ ಸ್ಥಳೀಯ ಸರ್ಕಾರಕ್ಕೆ ಕೊಡುತ್ತದೆ. 1996ರಿಂದ ಬಹಳ ವರ್ಷ ಆ ಮೊತ್ತ ವರ್ಷಕ್ಕೆ 2 ಶೇಕಡಕ್ಕಿಂತ ಹೆಚ್ಚು ಏರಬಾರದೆಂಬ ಮಿತಿಯಿತ್ತು. ಓದುವ ವಯಸ್ಸಿನವರು ಹೆಚ್ಚಿದರು, ಶುಲ್ಕ ಹೆಚ್ಚಿತು, ದುಡ್ಡು ಮಾತ್ರ ತೆವಳಿತು. ಈಚಿನ ಬಜೆಟ್ಟುಗಳಲ್ಲಿ ಸ್ವಲ್ಪ ಸೇರಿಸಿದ್ದಾರೆ. 2015ರಲ್ಲಿ, ವಸತಿ ಶಾಲೆಗಳ ಇತಿಹಾಸ ಕೆದಕಿದ ಸತ್ಯ ಮತ್ತು ಸಮನ್ವಯ ಆಯೋಗ ಮುಂದಿಟ್ಟ 94 ಕರೆಗಳಲ್ಲಿ 11ನೆಯದು ಇದೇ: ಓದಲು ಕಾದು ನಿಂತಿರುವ ಫಸ್ಟ್ ನೇಷನ್ಸ್ ವಿದ್ಯಾರ್ಥಿಗಳ ಸಾಲು ಕರಗುವಷ್ಟು ಹಣ ಕೊಡಿ. ಮೂಲನಿವಾಸಿ, ಯೂರೋಪಿಯನ್ ಮಿಶ್ರ ಮೂಲದ ಮೆಟಿ ಜನರಿಗೆ, ಸ್ಟೇಟಸ್ ಇಲ್ಲದವರಿಗೆ ಈ ಯೋಜನೆ ಅನ್ವಯಿಸುವುದೇ ಇಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳಿಬ್ಬರಲ್ಲಿ ಒಬ್ಬಳಿಗೆ ಬ್ಯಾಂಡಿನ ಹಣ, ಇನ್ನೊಬ್ಬಳಿಗೆ ಸಾಲ. ಇಬ್ಬರೂ ಒಂದೇ ಬೆಂಚಿನಲ್ಲಿ.

ಹಣ ಸಾಲದಿದ್ದಾಗ ಬ್ಯಾಂಡಿನವರು ಏನು ಮಾಡಬೇಕು? ಸರತಿ ಮಾಡುತ್ತಾರೆ. ನಾನು ಕಂಡ ಹಲವು ಬ್ಯಾಂಡುಗಳಲ್ಲಿ ಈಗಾಗಲೇ ಓದುತ್ತಿರುವವರು ಮೊದಲು, ಆ ವರ್ಷ ಹೈಸ್ಕೂಲು ಮುಗಿಸಿದವರು ಆಮೇಲೆ, ಹಿಂದೆ ಹಣ ಪಡೆದು ನಡುವೆ ಬಿಟ್ಟವರು ಕಟ್ಟಕಡೆಗೆ. ಬ್ಯಾಂಡಿನ ಶಿಕ್ಷಣ ಕಚೇರಿಯಲ್ಲಿ ಕೂತವರನ್ನು ಬೈದು ಪ್ರಯೋಜನವಿಲ್ಲ. ಅವರೂ ಅದೇ ಊರಿನವರು, ಸಂಜೆ ಅಂಗಡಿಯಲ್ಲಿ ಅದೇ ಜನರ ಮುಖ ನೋಡಬೇಕು. ಆದರೆ ಪರಿಣಾಮ ಏನೆಂದರೆ, ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಹುಡುಗಿ ಸಾಲಿನ ಬಾಲದಲ್ಲಿದ್ದಳು.

ಅವಳು ಬಾಲಕ್ಕೆ ಹೋದದ್ದು ಹೇಗೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಅಕ್ಷರ. ಸೆಮಿಸ್ಟರಿನ ಒಂದು ಗಡುವಿನೊಳಗೆ ಫಾರಂ ತುಂಬಿ ಕೋರ್ಸು ಬಿಟ್ಟರೆ ಅಂಕಪಟ್ಟಿಯಲ್ಲಿ 'ಡಬ್ಲ್ಯೂ' ಬರುತ್ತದೆ, ಸರಾಸರಿಗೆ ಪೆಟ್ಟಿಲ್ಲ. ಹೇಳದೆ ಹೋದರೆ 'ಎಫ್', ಅಂದರೆ ಸೊನ್ನೆ. ನಾಲ್ಕು ಎಫ್ ಬಂದವಳು ಪ್ರೊಬೇಷನ್ನಿಗೆ ಬೀಳುತ್ತಾಳೆ, ಬ್ಯಾಂಡಿನ ಹಣ ನಿಲ್ಲುತ್ತದೆ, ಮತ್ತೆ ಅರ್ಜಿ ಹಾಕಿದರೆ ಸ್ವಂತ ಖರ್ಚಿನಲ್ಲಿ ಒಂದು ಕೋರ್ಸು ಪಾಸು ಮಾಡಿ ತೋರಿಸು ಅನ್ನುತ್ತಾರೆ. ಮನೆಯಲ್ಲಿ ಸಾವಾದ ವಾರದಲ್ಲಿ ಯಾರು ಫಾರಂ ತುಂಬುತ್ತಾರೆ?

ಹಾಗಾಗಿ ನಮ್ಮ ತಂಡದ ದೊಡ್ಡ ಸುಧಾರಣೆ ನೋಡಲು ಬಲು ಸಪ್ಪೆ. ಗಡುವಿಗೆ ಎರಡು ವಾರ ಮುಂಚೆ, ತರಗತಿಗೆ ಬಾರದ ಪ್ರತಿಯೊಬ್ಬರಿಗೂ ಫೋನು. ಈಮೇಲ್ ಕೂಡದು. ಫೋನಿನ ಬಿಲ್ಲು ಕಟ್ಟದೆ ನಂಬರು ಸತ್ತಿದ್ದರೆ ಚಿಕ್ಕಮ್ಮನಿಗೆ, ಅತ್ತಿಗೆಗೆ, ಫೇಸ್‌ಬುಕ್ಕಿನಲ್ಲಿ ಅಣ್ಣನಿಗೆ. ಬೇಕಾದರೆ ವ್ಯಾನಿನಲ್ಲಿ ಫಾರಂ ಹಿಡಿದು ಮನೆಗೇ. ಎಫ್ ಈಗಾಗಲೇ ಬಿದ್ದಿದ್ದರೆ ಅನುಕಂಪದ ಆಧಾರದಲ್ಲಿ ಹಿಂದಿನ ತಾರೀಖಿನಿಂದ ಡಬ್ಲ್ಯೂ ಮಾಡಿಸುವ ಅರ್ಜಿ. ಹಳೆಯ ಕಡತಗಳನ್ನೂ ತೆಗೆದೆವು. ಮೂವತ್ತು ದಾಟಿದವರು, ಎರಡು ಮೂರು ಮಕ್ಕಳ ತಾಯಂದಿರು, ಹತ್ತೊಂಬತ್ತರಲ್ಲಿ ಬಿದ್ದ ಎಫ್‌ಗಳನ್ನು ಹೊತ್ತುಕೊಂಡೇ ಇದ್ದರು. ಒಬ್ಬರ ಅಂಕಪಟ್ಟಿ ತಿದ್ದಿ ಬಂದಾಗ ಅದನ್ನು ಮಡಚಿ ಸ್ಟೇಟಸ್ ಕಾರ್ಡಿನ ಹಿಂದೆ ಪರ್ಸಿನಲ್ಲಿ ಇಟ್ಟುಕೊಂಡರು.

ಕಷ್ಟವಿದ್ದದ್ದು ಪದವಿ ಕೊಡುವ ಪಾಲುದಾರ ವಿಶ್ವವಿದ್ಯಾಲಯದ ಜೊತೆ. ನಮ್ಮಂಥ ಕಾಲೇಜುಗಳ ಕೆಲವು ಪದವಿ ಕೋರ್ಸುಗಳು ದೊಡ್ಡ ವಿಶ್ವವಿದ್ಯಾಲಯಗಳ ಒಪ್ಪಂದದಲ್ಲಿ ನಡೆಯುತ್ತವೆ. ಪಾಠ ನಮ್ಮಲ್ಲಿ, ಅಂಕಪಟ್ಟಿ ಅವರದ್ದು. ಅವರ ನಿಯಮದಲ್ಲಿ ಸಾವಿನ ರಜೆ 'ಸಮೀಪದ ಬಂಧು' ತೀರಿಕೊಂಡರೆ ಮಾತ್ರ. ಸಮೀಪ ಅಂದರೆ ತಂದೆ, ತಾಯಿ, ಗಂಡ, ಹೆಂಡತಿ, ಒಡಹುಟ್ಟು, ಮಕ್ಕಳು. ಕ್ರೀ ನೆಂಟಸ್ತಿಕೆಯಲ್ಲಿ ತಾಯಿಯ ಅಕ್ಕತಂಗಿಯರು ತಾಯಂದಿರೇ, ತಂದೆಯ ಅಣ್ಣತಮ್ಮಂದಿರು ತಂದೆಯರೇ, ಅವರ ಮಕ್ಕಳು ಒಡಹುಟ್ಟಿದವರು. ಸೋದರಮಾವನಿಗೂ ಹೆಂಡತಿಯ ಅಪ್ಪನಿಗೂ ಒಂದೇ ಹೆಸರು, ಸೋದರತ್ತೆಗೂ ಅತ್ತೆಗೂ ಒಂದೇ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದೊಡ್ಡಮ್ಮ, ಚಿಕ್ಕಪ್ಪ, ಮಾವ, ಅತ್ತೆ ಎಂದು ಬೆಳೆದವಳಿಗೆ ಅದು ತಟ್ಟನೆ ಹೊಳೆಯಿತು. ಮಾನವಶಾಸ್ತ್ರಜ್ಞರು ಈ ಬಗೆಯ ನೆಂಟಸ್ತಿಕೆಗೆ 'ದ್ರಾವಿಡ ಮಾದರಿ' ಎಂದೇ ಹೆಸರಿಟ್ಟಿದ್ದಾರೆ ಎಂದು ಆಮೇಲೆ ಓದಿದೆ. ಮೈಲಿಗಟ್ಟಲೆ ದೂರದ ಎರಡು ಜನಕ್ಕೆ ರಕ್ತಸಂಬಂಧವೇನೂ ಇಲ್ಲ, ಲೆಕ್ಕ ಹಾಕುವ ರೀತಿ ಕೂಡಿಬಂದಿದೆ, ಅಷ್ಟೆ.

ಈ ನಿಯಮ ಬದಲಿಸಿ ಎಂದು ಕೇಳಲು ವಿಶ್ವವಿದ್ಯಾಲಯದವರ ಜೊತೆ ಕೂತ ಸಭೆಯಲ್ಲಿ ಎದುರಿಗಿದ್ದ ಅಧಿಕಾರಿ ಸಭ್ಯಸ್ಥ. "ಹೀಗೆ ವಿಸ್ತರಿಸಿದರೆ ಒಬ್ಬ ವಿದ್ಯಾರ್ಥಿಗೆ ಎಷ್ಟು ತಾಯಂದಿರು?" ಎಂದು ಕೇಳಿದ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು, ಕಾಲೇಜಿನಲ್ಲಿ ಎಲ್ಲರೂ ಕೊಕುಮ್, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದವರು, ನಿಧಾನವಾಗಿ ಬೆರಳು ಮಡಚಿ ತಮ್ಮ ತಾಯಂದಿರ ಹೆಸರು ಹೇಳತೊಡಗಿದರು. ಪ್ರತಿ ಹೆಸರಿನ ಜೊತೆಗೆ ಅವರು ಯಾವ ವರ್ಷ ಹೋದರು, ಯಾರು ಯಾರಿಗೆ ಮಣಿಕಸೂತಿ ಕಲಿಸಿದರು, ಯಾರನ್ನು ಯಾವ ವಸತಿ ಶಾಲೆಗೆ ಒಯ್ದರು. ಮಧ್ಯೆ ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ. ನಿಯಮ ಅಂದೇ ಬದಲಾಗಲಿಲ್ಲ, ಸಮಿತಿಯಿಂದ ಸಮಿತಿಗೆ ಅಲೆದು ಮುಂದಿನ ವರ್ಷ ಬದಲಾಯಿತು. ಯಾರು ಸಮೀಪದವರೆಂದು ವಿದ್ಯಾರ್ಥಿ ಹೇಳಬೇಕು, ಕಾಲೇಜು ದೃಢಪಡಿಸಬೇಕು. ದೃಢಪಡಿಸುವುದು ಹೇಗೆ? ಹೊರಬಾಗಿಲಿನ ಮೇಜಿನ ಹೆಂಗಸನ್ನು ಕೇಳುವುದು. ಇದಕ್ಕಿಂತ ನಂಬಿಕಸ್ತ ದಾಖಲೆ ಆ ಸೀಮೆಯಲ್ಲಿಲ್ಲ.

ಸಾವು ಬಂದರೆ ರಾತ್ರಿಯಿಡೀ ಜಾಗರ, ಅಡುಗೆ, ಗುಂಡಿ ತೋಡುವುದು, ಎಲ್ಲಕ್ಕೂ ಜನ ಬೇಕು. ಚಿಕ್ಕ ಕಾಲೇಜಿನಲ್ಲಿ ಅರ್ಧ ತರಗತಿ, ಕೆಲವೊಮ್ಮೆ ಪಾಠ ಮಾಡುವವರೂ ಅಲ್ಲೇ ಇರುತ್ತಾರೆ. ಅಂಥ ವಾರ ನಾವು ಕಾಲೇಜನ್ನೇ ಮುಚ್ಚುವುದಿತ್ತು. ಅಕ್ಟೋಬರಿನಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವವರಿಗೆ ಹಾಜರಾತಿ ಮಾಫಿ. ಚಳಿಗಾಲದ ಮಾಂಸ ಅದು, ಮೋಜಿನ ರಜೆಯಲ್ಲ. ಬರುವಾಗ ಒಂದು ತುಂಡು ಕಾಲೇಜಿನ ಫ್ರೀಜರಿಗೂ ಬರುತ್ತಿತ್ತು. ನಾನು ಸಸ್ಯಾಹಾರಿ ಎಂಬುದು ಅಲ್ಲಿ ಕೊನೆಯವರೆಗೂ ಮುಗಿಯದ ತಮಾಷೆ. ನನಗಾಗಿ ಬೇರೆ ಪಾತ್ರೆಯಲ್ಲಿ ಬೀನ್ಸ್ ಸೂಪು ಮಾಡಿ, "ಬಡಪಾಯಿಗೆ" ಎಂದು ಚೀಟಿ ಅಂಟಿಸುತ್ತಿದ್ದರು.

ಸೂಪಿನ ಹಿಂದೆ ಒಂದು ಯೋಚನೆಯಿತ್ತು. ಕೌನ್ಸೆಲಿಂಗ್ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ, ಮುಚ್ಚಿದ ಬಾಗಿಲು. ಯಾರೂ ಬರುತ್ತಿರಲಿಲ್ಲ. ವಸತಿ ಶಾಲೆಯಲ್ಲಿ ಅಜ್ಜಿಯನ್ನು, ಅಮ್ಮನನ್ನು "ಆಫೀಸಿಗೆ ಬಾ" ಎಂದು ಕರೆದವರು ಏನು ಮಾಡಿದರೆಂದು ಕೇಳಿ ಬೆಳೆದವರು ಆ ಬಾಗಿಲು ಯಾಕೆ ತಟ್ಟುತ್ತಾರೆ? ಬುಧವಾರ ಸೂಪು, ಬ್ಯಾನಕ್ ಎಂಬ ದಪ್ಪ ರೊಟ್ಟಿ ಇಟ್ಟು ಕೌನ್ಸೆಲರನ್ನು ಈರುಳ್ಳಿ ಹೆಚ್ಚಲು ಕೂರಿಸಿದೆವು. ಪಕ್ಕದಲ್ಲಿ ಕ್ಯಾರೆಟ್ ಹೆಚ್ಚುತ್ತ ಜನ ಮಾತಾಡಿದರು. ತಿಂಗಳ ವರದಿಯಲ್ಲಿ ಇದನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ಲೆಕ್ಕಪತ್ರ ವಿಭಾಗ ಕೇಳಿದ್ದು ಸಹಜವೇ. ಅವರ ದೊಡ್ಡ ತಲೆನೋವು ಹೊಗೆಸೊಪ್ಪು. ಹಿರಿಯರಲ್ಲಿ ಏನನ್ನಾದರೂ ಕೇಳುವ ಮುನ್ನ ಹೊಗೆಸೊಪ್ಪು ಕೊಟ್ಟು ಕೇಳಬೇಕು, ಅದು ಕ್ರಮ. ಆಡಿಟರಿಗೆ ಅದು ವಿದ್ಯಾರ್ಥಿ ಕಲ್ಯಾಣ ನಿಧಿಯಲ್ಲಿ ತಂಬಾಕು ಖರೀದಿ. ಆಮೇಲೆ "ಸಾಂಸ್ಕೃತಿಕ ಸಾಮಗ್ರಿ" ಎಂಬ ಶೀರ್ಷಿಕೆ ಹುಟ್ಟಿತು. ಹಿರಿಯರ ಕೋಣೆಯಲ್ಲಿ ಬೆಳಗ್ಗೆ ಸೇಜ್ ಎಂಬ ಪರಿಮಳದ ಗಿಡದ ಎಲೆ ಉರಿಸಿ ಹೊಗೆ ತೆಗೆದುಕೊಳ್ಳುವಾಗ ಅಲಾರಾಂ ಹೊಡೆದು ಅಗ್ನಿಶಾಮಕದವರು ಬಂದದ್ದೂ ಇದೆ. ಹೊಗೆ ಪತ್ತೆ ಮಾಡುವ ಸಾಧನ ತೆಗೆಸಿ ಶಾಖ ಪತ್ತೆ ಮಾಡುವುದನ್ನು ಹಾಕಿಸಲು ನಡೆಸಿದ ಪತ್ರವ್ಯವಹಾರವೇ ಒಂದು ಕಡತ.

ರಸ್ತೆಯ ಮಾತು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ದಿನಾ ಬೆಳಗ್ಗೆ ಅರವತ್ತು ಎಪ್ಪತ್ತು ಕಿಲೋಮೀಟರು. 2018ರ ಅಕ್ಟೋಬರ್ ಕೊನೆಗೆ ಗ್ರೇಹೌಂಡ್ ಬಸ್ಸು ಪಶ್ಚಿಮ ಕೆನಡಾದಲ್ಲಿ ಓಡುವುದನ್ನೇ ನಿಲ್ಲಿಸಿತ್ತು. ಇನ್ನು ರಿಸರ್ವಿನ ಒಳಗೆ ಬಸ್ಸು ಎಲ್ಲಿಯದು. ಜನವರಿಯಲ್ಲಿ ಮೈನಸ್ ಮೂವತ್ತೈದು, ನಲವತ್ತು. ರಾತ್ರಿ ಎಂಜಿನ್ನು ಬೆಚ್ಚಗಿರಲೆಂದು ಕರೆಂಟು ಚುಚ್ಚಿಡಲು ಮರೆತರೆ ಬೆಳಗ್ಗೆ ಕಾರು ಏಳುವುದಿಲ್ಲ. ತುರ್ತು ನಿಧಿಯಿಂದ ನಾವು ಕೊಟ್ಟದ್ದರಲ್ಲಿ ಪುಸ್ತಕಕ್ಕಿಂತ ಪೆಟ್ರೋಲು ಕಾರ್ಡು, ಬ್ಯಾಟರಿ, ಟೈರುಗಳೇ ಹೆಚ್ಚು. ಬ್ಯಾಂಡಿನ ಜೀವನಭತ್ಯೆ ತಡವಾದ ಸೆಪ್ಟೆಂಬರಿನಲ್ಲಿ ಡಯಾಪರು, ಹಾಲಿನ ಪುಡಿ. ಇದನ್ನೆಲ್ಲ 'ಶೈಕ್ಷಣಿಕ ಯಶಸ್ಸು' ಎಂಬ ತಲೆಬರಹದಡಿ ಬರೆದೆ. ಸುಳ್ಳೇನಲ್ಲ.

2021ರ ಮೇ ಕೊನೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ವಸತಿ ಶಾಲೆಯ ಆವರಣದಲ್ಲಿ ರೇಡಾರ್ ಸಮೀಕ್ಷೆ ಸುಮಾರು 200 ಸಂಭಾವ್ಯ ಸಮಾಧಿಗಳ ಕುರುಹು ತೋರಿಸಿದೆ ಎಂಬ ಸುದ್ದಿ ಬಂತು. ಕೋವಿಡ್ಡಿನ ಕಾಲ, ಪಾಠವೆಲ್ಲ ಆನ್‌ಲೈನ್. ಆ ವಾರ ನಮ್ಮ ತಂಡ ಕೆಲಸದ ಪಟ್ಟಿ ಬದಿಗಿಟ್ಟು ವಿದ್ಯಾರ್ಥಿಗಳಿಗೆ ಫೋನು ಮಾಡುತ್ತ ಕೂತಿತು. ಹೆಚ್ಚಿನವರು ತಮ್ಮ ಬಗ್ಗೆ ಮಾತಾಡಲಿಲ್ಲ. ಅಜ್ಜಿ ಊಟ ಬಿಟ್ಟಿದ್ದಾರೆ, ಅಪ್ಪ ಶೆಡ್ಡಿನಿಂದ ಹೊರಗೆ ಬರುತ್ತಿಲ್ಲ ಎಂದರು. ಆಗಲೇ ಡೇ ಸ್ಕೂಲ್ ಪರಿಹಾರದ ಅರ್ಜಿಗಳೂ ನಡೆಯುತ್ತಿದ್ದವು. ಸರ್ಕಾರ ನಡೆಸುತ್ತಿದ್ದ ಹಗಲು ಶಾಲೆಗಳಲ್ಲಿ ಓದಿದವರಿಗೆ 10,000ದಿಂದ 2,00,000 ಡಾಲರಿನವರೆಗೆ ಐದು ಹಂತ. ಯಾವ ಹಂತ ಎಂಬುದು ಅನುಭವಿಸಿದ ಹಿಂಸೆಯ ಮೇಲೆ. ಮೊಮ್ಮಗಳಿಗೆ ಓದಲು ಬರುತ್ತದೆ, ಫಾರಂ ಅವಳೇ ತುಂಬಲಿ ಎಂದು ಮನೆಯವರು ಕೊಟ್ಟರೆ, ಅಜ್ಜಿ ಯಾರಿಗೂ ಹೇಳದ್ದನ್ನು ಮೊಮ್ಮಗಳು ಬರೆದುಕೊಳ್ಳಬೇಕು. ಇಬ್ಬರಿಗೂ ಅದು ಬೇಡ. ಅಜ್ಜಿಯರು ನಮ್ಮ ವಿದ್ಯಾರ್ಥಿಗಳಲ್ಲ, ಆದರೂ ಆ ಕೆಲಸವನ್ನು ಮೊಮ್ಮಕ್ಕಳ ಕೈಯಿಂದ ನಾವು ತೆಗೆದುಕೊಂಡೆವು. ಬಾಗಿಲು ಮುಚ್ಚಿದ, ಎರಡು ಕುರ್ಚಿಯ ಕೌನ್ಸೆಲಿಂಗ್ ಕೋಣೆ ಕೊನೆಗೂ ಬಳಕೆಗೆ ಬಂದದ್ದು ಹಾಗೆ.

ವರದಿಯ ನಮೂನೆಯನ್ನೂ ಬದಲಿಸಲು ಹೊರಟೆವು, ಅರ್ಧ ಗೆದ್ದೆವು. ಒಂದೇ ವರ್ಷದಲ್ಲಿ ಎಷ್ಟು ಜನ ಉಳಿದರು ಎಂಬುದರ ಜೊತೆಗೆ, ಎಷ್ಟು ಜನ ಮರಳಿ ಬಂದರು ಎಂಬ ಕಾಲಮ್ಮನ್ನು ಅನುದಾನದವರು ಒಪ್ಪಿದರು. ಆದರೆ ಹಣದ ಲೆಕ್ಕಕ್ಕೆ ಅದನ್ನು ಹಿಡಿಯುವುದಿಲ್ಲ ಎಂದರು. ನನ್ನ ಮಟ್ಟಿಗೆ ಇದು ಇಂದಿಗೂ ಬಗೆಹರಿಯದ ತಕರಾರು. ನಾಲ್ಕು ವರ್ಷದ ಪದವಿಯನ್ನು ಒಂಬತ್ತು ವರ್ಷದಲ್ಲಿ, ನಡುವೆ ಮೂರು ಸಲ ಬಿಟ್ಟು ಮುಗಿಸಿದವಳು ಅವರ ಕೋಷ್ಟಕದಲ್ಲಿ ಮೂರು ಸಲ ಸೋತವಳು. ಊರಿನ ಶಾಲೆಯಲ್ಲಿ ಈಗ ಪಾಠ ಮಾಡುತ್ತಿರುವವರಲ್ಲಿ ಅಂಥವರು ಒಬ್ಬಿಬ್ಬರಲ್ಲ.

ನನ್ನ ಕುರ್ಚಿ ನನ್ನದಲ್ಲ ಎಂಬುದು ಸೇರುವಾಗಲೇ ಮಾತಾಗಿತ್ತು. ಊರಿನವರೊಬ್ಬರು ಆ ಜಾಗಕ್ಕೆ ಬರುವವರೆಗೆ ನಡೆಸು, ಬರುವಂತೆ ಮಾಡು ಎಂದಿದ್ದರು ಆಡಳಿತ ಮಂಡಳಿಯ ಹಿರಿಯರು. ಹೊರಗಿನವರು ತಮ್ಮ ಮಕ್ಕಳಿಗೆ ಯಾವುದು ಒಳ್ಳೆಯದೆಂದು ತೀರ್ಮಾನಿಸಿದ್ದು ಆ ಜನಕ್ಕೆ ಸಾಕಾಗಿದೆ. ಅಂಥವರ ಸಾಲಿನಲ್ಲಿ ನಾನೂ ಒಬ್ಬಳು, ಬಣ್ಣ ಬೇರೆಯಿದ್ದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಜಾಗಕ್ಕೆ ಬಂದವಳು ನಮ್ಮಲ್ಲೇ ಓದಿ, ನಡುವೆ ಬಿಟ್ಟು, ಮರಳಿ ಬಂದು ಸಮಾಜಕಾರ್ಯ ಮುಗಿಸಿದವಳು. ಒಂದು ವರ್ಷ ಇಬ್ಬರೂ ಜೊತೆಗೆ ಕೆಲಸ ಮಾಡಿದೆವು. ಬಜೆಟ್ಟು, ವಿಶ್ವವಿದ್ಯಾಲಯದ ಸಮಿತಿಗಳ ಒಳದಾರಿ, ಯಾವ ಅಧಿಕಾರಿಗೆ ಪತ್ರ ಬರೆಯಬೇಕು, ಯಾರಿಗೆ ಫೋನೇ ಮಾಡಬೇಕು, ಇಷ್ಟು ನಾನು ಕೊಟ್ಟದ್ದು. ಮಿಕ್ಕದ್ದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಧಿಕಾರ ವಹಿಸಿಕೊಂಡ ಮೊದಲ ಆಗಸ್ಟಿನಲ್ಲೇ ಸಭಾಂಗಣದಲ್ಲಿ ನಡೆಯುತ್ತಿದ್ದ ಹೊಸ ವಿದ್ಯಾರ್ಥಿಗಳ ಸ್ವಾಗತ ಕಾರ್ಯಕ್ರಮವನ್ನು ಅವಳು ರದ್ದು ಮಾಡಿದಳು. ಬದಲಿಗೆ ವ್ಯಾನಿನಲ್ಲಿ ಸೂಪಿನ ಹಂಡೆ ಹೇರಿಕೊಂಡು ಒಂದೊಂದು ರಿಸರ್ವಿನ ಬ್ಯಾಂಡ್ ಹಾಲಿಗೆ ಹೋದಳು. ಹೊಸಬರ ಜೊತೆ ಅವರ ಅಮ್ಮಂದಿರು, ಕೊಕುಮ್‌ಗಳು, ಸಣ್ಣ ಮಕ್ಕಳೆಲ್ಲ ಬಂದರಂತೆ. ಹಿಂದೆ ಬಿಟ್ಟು ಹೋದವರಿಗೂ ಕರೆ ಹೋಗಿತ್ತು. ಫಾರಂಗಳನ್ನು ಅಲ್ಲೇ ಮೇಜಿನ ಮೇಲೆ, ಬ್ಯಾಂಡಿನ ಶಿಕ್ಷಣ ಅಧಿಕಾರಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ತುಂಬಿಸಿದರಂತೆ. ಇಷ್ಟು ವರ್ಷ ಇದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಫೋನಿನಲ್ಲಿ ಕೇಳಿದೆ. "ನಿನಗೆ ಆ ಹಾಲುಗಳ ಬೀಗದ ಕೈ ಯಾರ ಹತ್ತಿರ ಇರುತ್ತದೆಂದು ಗೊತ್ತಿರಲಿಲ್ಲ" ಎಂದಳು.